ಒಂದೂವರೆ ಲಕ್ಷದ ಗಾಲಿ, ನಾಲ್ಕು ನಿಮಿಷದ ಗಾಳಿ

ಮೊದಲ ಸಲ ಐರನ್‌ಮ್ಯಾನ್‌ಗೆ ಹೆಸರು ಕೊಟ್ಟವರಿಗೆ ಸ್ಪರ್ಧೆಗೆ ಮೂರು ತಿಂಗಳಿರುವಾಗ ಒಂದು ಜ್ವರ ಬರುತ್ತದೆ. ಅಲ್ಲಿಯವರೆಗೆ ನಾಲ್ಕು ಗಂಟೆಗೇ ಎದ್ದು ಲೋಣಾವಳದ ಘಾಟಿಯನ್ನೋ ಚೆನ್ನೈನ ಇಸಿಆರ್ ರಸ್ತೆಯನ್ನೋ ತುಳಿಯುತ್ತಿದ್ದವರು ಈಗ ನಡುರಾತ್ರಿಯವರೆಗೆ ಮೊಬೈಲಿನಲ್ಲಿ ಗಾಲಿ ನೋಡುತ್ತಾ ಕೂರುತ್ತಾರೆ. ರಿಮ್ಮಿನ ಆಳ 50 ಮಿಲಿಮೀಟರ್ ಸಾಕೇ, 60 ಬೇಕೇ, ಹಿಂದಿನದು 80 ಆದರೆ ಹೇಗೆ? ಭಾನುವಾರದ ಸವಾರಿ ಮುಗಿಸಿ ಚಹಾ ಕುಡಿಯುವಾಗಲೂ ಇದೇ ಮಾತು. ಗುಂಪಿನ ಹಿರಿಯನೊಬ್ಬ ಕೊನೆಗೆ ತೀರ್ಪು ಕೊಡುತ್ತಾನೆ: ‘ಇಷ್ಟು ಖರ್ಚು ಮಾಡಿದ್ದೀರಿ, ಗಾಲಿಗೆ ಯಾಕೆ ಹಿಂದೆಮುಂದೆ ನೋಡ್ತೀರಿ?’

ಆ ತೀರ್ಪು ತಪ್ಪು. ಹೆಸರಾಂತ ಕಂಪನಿಯ ಒಂದು ಜೊತೆ ಕಾರ್ಬನ್ ಗಾಲಿಗೆ ಒಂದೂವರೆ ಲಕ್ಷ, ಎರಡು ಲಕ್ಷ ಬೀಳುತ್ತದೆ. ಮೊದಲ ಸಲದವರಿಗೆ ಅದರಿಂದ ಏನು ಸಿಗುತ್ತದೆ ಎಂದು ಯಾರೂ ಕಾಗದದ ಮೇಲೆ ಲೆಕ್ಕ ಹಾಕುವುದಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಷ್ಟು ಏರುತ್ತದೆ. ಗಾಲಿ ಮಾರುವವರು ‘ಇಷ್ಟು ವ್ಯಾಟ್ ಉಳಿತಾಯ’ ಎಂದು ತೋರಿಸುವ ಅಂಕಿ ಸಾಮಾನ್ಯವಾಗಿ ಗಂಟೆಗೆ 48 ಕಿಲೋಮೀಟರ್ ವೇಗದ ಗಾಳಿಸುರಂಗದ್ದು. 180 ಕಿಲೋಮೀಟರನ್ನು ಆರೂವರೆ ಗಂಟೆಯಲ್ಲಿ ಮುಗಿಸುವವರ ವೇಗ 28ರ ಹತ್ತಿರ. ಆ ವೇಗದಲ್ಲಿ ಜಾಹೀರಾತಿನ ವ್ಯಾಟುಗಳಲ್ಲಿ ಉಳಿಯುವುದು ಐದರಲ್ಲೊಂದು ಪಾಲು. ಮಾರುವವರು ಸುಳ್ಳು ಹೇಳಿಲ್ಲ. ಬೇರೆ ಯಾರದೋ ಕಾಲಿನ ಲೆಕ್ಕವನ್ನು ತೋರಿಸಿದ್ದಾರೆ, ಅಷ್ಟೆ.

ಇದಕ್ಕೆ ಜಾಣ ಉತ್ತರವೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ನಿಧಾನದ ಸವಾರ ರಸ್ತೆಯ ಮೇಲೆ ಹೆಚ್ಚು ಹೊತ್ತು ಇರುತ್ತಾನೆ, ಹಾಗಾಗಿ ವ್ಯಾಟ್ ಕಡಿಮೆ ಉಳಿದರೂ ನಿಮಿಷಗಳು ಕಡಿಮೆಯಾಗುವುದಿಲ್ಲ ಎನ್ನುತ್ತಾರೆ. ನಿಜ. ಹಾಗಾದರೆ ಆ ನಿಮಿಷಗಳನ್ನೇ ಎಣಿಸೋಣ. ಹೊಸ ಗಾಲಿಯಿಂದ ಒಟ್ಟು ಗಾಳಿಯ ತಡೆ ಶೇಕಡಾ 3ರಷ್ಟು ತಗ್ಗಿತು ಎಂದುಕೊಂಡರೂ ವೇಗ ಏರುವುದು ಶೇಕಡಾ 1ಕ್ಕಿಂತ ಕಡಿಮೆ. ಆರೂವರೆ ಗಂಟೆಯಲ್ಲಿ ಅದು ನಾಲ್ಕು ನಿಮಿಷದೊಳಗೆ. ಹದಿನೇಳು ಗಂಟೆ ಗಡುವಿನ ಸ್ಪರ್ಧೆಯಲ್ಲಿ ನಾಲ್ಕು ನಿಮಿಷ ಎಂದರೆ ಒಂದು ಸಲ ಶೌಚಾಲಯದ ಸಾಲಿನಲ್ಲಿ ನಿಂತಷ್ಟು.

ಗಡುವಿನ ಅಂಚಿನಲ್ಲಿರುವವರಿಗೆ ಆ ನಾಲ್ಕು ನಿಮಿಷವೂ ದೊಡ್ಡದಲ್ಲವೇ? 2024ರ ಅಕ್ಟೋಬರ್‌ನಲ್ಲಿ ಗೋವಾದಲ್ಲಿ ಇದರ ಅರ್ಧ ದೂರದ ಸ್ಪರ್ಧೆಯನ್ನು ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 8 ಗಂಟೆ 27 ನಿಮಿಷ 32 ಸೆಕೆಂಡಿನಲ್ಲಿ ಮುಗಿಸಿದರು. ಗಡುವು ಎಂಟೂವರೆ ಗಂಟೆ. ಅಂಚು ಅಷ್ಟು ತೆಳುವಾಗಿರಬಹುದು, ಒಪ್ಪೋಣ. ಆದರೆ ಅಂಚಿನಲ್ಲಿರುವವರು ನಿಮಿಷ ಹುಡುಕಬೇಕಾದದ್ದು ನಿಮಿಷಗಳು ರಾಶಿ ಬಿದ್ದಿರುವ ಕಡೆ.

ರಾಶಿ ಬಿದ್ದಿರುವುದು ಮೊದಲು ಸವಾರನ ಮೈಯಲ್ಲಿ. ಗಾಳಿಯ ತಡೆಯಲ್ಲಿ ಮುಕ್ಕಾಲು ಪಾಲು ಮನುಷ್ಯನದೇ. ಸೈಕಲ್ಲಿನದು, ಅದರಲ್ಲೂ ಗಾಲಿಯದು, ಉಳಿದ ಸಣ್ಣ ಪಾಲು. ನೆಟ್ಟಗೆ ಕೂತವನು ಏರೋಬಾರ್ ಮೇಲೆ ಬಾಗಿ ಮೊಣಕೈ ಊರಿದರೆ ತಡೆ ಶೇಕಡಾ 10ಕ್ಕೂ ಹೆಚ್ಚು ಇಳಿಯುತ್ತದೆ. ಹ್ಯಾಂಡಲ್ಲಿಗೆ ಸಿಕ್ಕಿಸುವ ಏರೋಬಾರ್ ಕೆಲವು ಸಾವಿರಕ್ಕೆ ಬರುತ್ತದೆ. ಕಷ್ಟ ಇರುವುದು ಅದರ ಮೇಲೆ ಆರು ಗಂಟೆ ಬಾಗಿರುವುದರಲ್ಲಿ. ಅರ್ಧ ಗಂಟೆಗೆ ಕುತ್ತಿಗೆ ಹಿಡಿದು, ಸೊಂಟ ನೊಂದು, ಲಕ್ಷದ ಗಾಲಿಯ ಮೇಲೆ ನೆಟ್ಟಗೆ ಎದ್ದು ಕೂತ ಸವಾರ ತನ್ನ ಎದೆಯನ್ನೇ ಗಾಳಿಗೆ ಬಾಗಿಲಿನಂತೆ ಒಡ್ಡಿರುತ್ತಾನೆ. ಆ ಬೆನ್ನನ್ನು ಪಳಗಿಸಲು ವಾರಾಂತ್ಯದ ಉದ್ದ ಸವಾರಿಗಳು ಬೇಕು, ಒಬ್ಬ ಒಳ್ಳೆಯ ಬೈಕ್ ಫಿಟ್ಟರ್ ಬೇಕು. ಟಯರ್ ಕೂಡ ಹಾಗೆಯೇ. ಗಟ್ಟಿ ಅಗ್ಗದ ಟಯರ್ ತೆಗೆದು ಮೃದುವಾದ ರೇಸ್ ಟಯರ್ ಜೊತೆ ಹಾಕಿದರೆ ಹತ್ತು ವ್ಯಾಟ್ ಉಳಿಯುವುದು ಅಪರೂಪವಲ್ಲ. 28ರ ವೇಗದಲ್ಲಿ ಗಾಲಿ ಉಳಿಸುವುದು ಎರಡು ಮೂರು ವ್ಯಾಟ್.

ಆಮೇಲೆ ಹೊಟ್ಟೆ. ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು’ ಎಂಬ ಗಾದೆ ಈ ಸ್ಪರ್ಧೆಗೆ ಅಕ್ಷರಶಃ ಹೊಂದುತ್ತದೆ. ಸೈಕಲ್ ಮೇಲೆ ಗಂಟೆಗೆ ಕಡಿಮೆಯೆಂದರೂ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಬೇಕು, ಅಂದರೆ ಹೆಚ್ಚುಕಡಿಮೆ ಎರಡೂವರೆ ಬಾಳೆಹಣ್ಣು, ಪ್ರತಿ ಗಂಟೆಗೂ, ಬಿಸಿಲಿನಲ್ಲಿ, ತುಳಿಯುತ್ತಲೇ. ಕರುಳಿಗೆ ತಿಂಗಳುಗಟ್ಟಲೆ ಅಭ್ಯಾಸ ಇಲ್ಲದಿದ್ದರೆ ಅದು ನಿಲ್ಲುವುದಿಲ್ಲ. ತಿನ್ನದೆ ಬಂದವರು ಮ್ಯಾರಥಾನ್ ಓಡುವುದಿಲ್ಲ, ನಡೆಯುತ್ತಾರೆ. ಕಿಲೋಮೀಟರಿಗೆ ಏಳೂವರೆ ನಿಮಿಷದಂತೆ ಮೆಲ್ಲಗೆ ಓಡುವುದಕ್ಕೂ ಹತ್ತು ನಿಮಿಷದಂತೆ ನಡೆಯುವುದಕ್ಕೂ 42 ಕಿಲೋಮೀಟರಿನಲ್ಲಿ ಬೀಳುವ ಅಂತರ ಒಂದೂಮುಕ್ಕಾಲು ಗಂಟೆ. ಗಾಲಿ ತಂದ ನಾಲ್ಕು ನಿಮಿಷ ಅಲ್ಲಿ ಯಾವ ಮೂಲೆಗೂ ಸಾಲದು. ಅಪಾರ್ಟ್‌ಮೆಂಟಿನ ಈಜುಕೊಳದಲ್ಲಷ್ಟೇ ಈಜಿ, ಸಮುದ್ರದಲ್ಲಿ ದಿಕ್ಕು ತಪ್ಪಿ, 3.8 ಕಿಲೋಮೀಟರನ್ನು ನಾಲ್ಕೂಕಾಲು ಮಾಡಿಕೊಳ್ಳುವವರ ಕಥೆ ಬೇರೆಯೇ ಇದೆ.

ಇಷ್ಟರಲ್ಲೇ ಮುಗಿದಿದ್ದರೆ ದುಡ್ಡು ಹೋಯಿತು ಎಂದು ಸುಮ್ಮನಿರಬಹುದಿತ್ತು. ಆಳದ ರಿಮ್ ಅಡ್ಡಗಾಳಿಗೆ ಹಾಯಿಯಂತೆ ಸಿಕ್ಕಿಕೊಳ್ಳುತ್ತದೆ. ಮುಂದಿನ ಗಾಲಿ ತಿರುಗುವ ಗಾಲಿ, ಗಾಳಿ ತಳ್ಳಿದಾಗ ಹ್ಯಾಂಡಲ್ಲೇ ತಿರುಗುತ್ತದೆ. ಹವಾಯಿಯ ಕೋನಾದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಹಿಂದಿನ ಡಿಸ್ಕ್ ಗಾಲಿಗೂ ಅನುಮತಿ ಇಲ್ಲ, ಕಾರಣ ಅಲ್ಲಿನ ಅಡ್ಡಗಾಳಿ. ಜಗತ್ತಿನ ಪಳಗಿದ ಕೈಗಳಿಗೇ ಅಷ್ಟು ಎಚ್ಚರಿಕೆ ಎಂದಮೇಲೆ ಐವತ್ತು ಕಿಲೋ ತೂಗುವ, ಏರೋಬಾರ್ ಹಿಡಿದು ಆರು ತಿಂಗಳಾದ ಹೆಣ್ಣುಮಗಳಿಗೆ 80 ಮಿಲಿಮೀಟರ್ ಗಾಲಿಯನ್ನು ಶಿಫಾರಸು ಮಾಡುವವರನ್ನು ಏನೆನ್ನಬೇಕು? ಅವಳು ಹೆದರಿ ಏರೋಬಾರ್ ಬಿಟ್ಟು ಎದ್ದು ಕೂತರೆ ಗಾಲಿಯ ಲಾಭವೂ ಹೋಯಿತು, ಬಾಗಿದ ಲಾಭವೂ ಹೋಯಿತು.

ಈ ಶಿಫಾರಸಿನಿಂದ ಇನ್ನೊಂದು ನಷ್ಟವಿದೆ, ಅದು ಕೊಂಡವರದ್ದಲ್ಲ. ಗುಂಪಿನಲ್ಲಿ ಹಿಂದೆ ನಿಂತು ಈ ಮಾತನ್ನೆಲ್ಲ ಕೇಳಿಸಿಕೊಳ್ಳುವ, ಸೆಕೆಂಡ್‌ಹ್ಯಾಂಡ್ ಸೈಕಲ್ಲಿನ ಹುಡುಗ ‘ಇದು ನಮ್ಮಂಥವರ ಆಟ ಅಲ್ಲ’ ಎಂದು ಮುಂದಿನ ಭಾನುವಾರ ಬರುವುದಿಲ್ಲ. 1978ರಲ್ಲಿ ಹವಾಯಿಯಲ್ಲಿ ಮೊದಲ ಐರನ್‌ಮ್ಯಾನ್ ನಡೆದಾಗ 15 ಜನ ಹೊರಟು 12 ಜನ ಮುಗಿಸಿದರು. ಕಾರ್ಬನ್ ಗಾಲಿ ಒಬ್ಬರ ಬಳಿಯೂ ಇರಲಿಲ್ಲ.

ವಯೋವರ್ಗದಲ್ಲಿ ಗೆದ್ದು ವಿಶ್ವ ಚಾಂಪಿಯನ್‌ಶಿಪ್‌ಗೆ ಹೋಗಬೇಕೆನ್ನುವವರು ಕೊಳ್ಳಲಿ. ಅವರಿಗೆ ನಾಲ್ಕು ನಿಮಿಷದಲ್ಲಿ ನಾಲ್ಕು ಸ್ಥಾನಗಳಿವೆ. ಈಗಾಗಲೇ ಕೊಂಡುಬಿಟ್ಟವರು ಕನಿಷ್ಠ ಒಂದು ಕೆಲಸ ಮಾಡಬೇಕು: ಸಮುದ್ರದ ಗಾಳಿ ಬೀಸುವ ಹೊತ್ತಿನಲ್ಲಿ ಇಸಿಆರ್‌ನಂಥ ರಸ್ತೆಯಲ್ಲಿ ನಾಲ್ಕೈದು ಸಲ ಓಡಿಸಿ ನೋಡಬೇಕು. ಟ್ಯೂಬ್ ಹಾಕಿ ಓಡಿಸುವವರಾದರೆ ಬಿಡಿ ಟ್ಯೂಬಿನ ವಾಲ್ವ್ ಎಷ್ಟು ಉದ್ದ ಎಂದು ಅಳೆದುಕೊಳ್ಳಬೇಕು. 60ರ ರಿಮ್ಮಿಗೆ 48ರ ವಾಲ್ವ್ ಹಾಕಿದರೆ ಅದರ ಬಾಯಿ ಹೊರಗೇ ಬರುವುದಿಲ್ಲ. 120ನೇ ಕಿಲೋಮೀಟರಿನಲ್ಲಿ ಪಂಕ್ಚರ್ ಆದಾಗ ಉದ್ದ ವಾಲ್ವಿನ ಟ್ಯೂಬ್ ರಸ್ತೆಬದಿಯ ಯಾವ ಸೈಕಲ್ ಅಂಗಡಿಯಲ್ಲೂ ಸಿಗುವುದಿಲ್ಲ.