ಅಪರಾಧಕಥೆಗಳಲ್ಲಿ ಶಿಶುರಕ್ಷಣೆ

ಸಮಾಜಸೇವಕಿಯೊಬ್ಬಳು ದಿಕ್ಕಿಲ್ಲದ ಮಗುವನ್ನು ಘಾತುಕರಿಂದ ಕಾಪಾಡುವ ವೃತ್ತಾಂತವು ಇಂದಿನ ಅಪರಾಧಕಥೆಗಳಲ್ಲಿಯೂ ಚಲಚ್ಚಿತ್ರಗಳಲ್ಲಿಯೂ ಪದೇ ಪದೇ ಬರುತ್ತಿದೆ. ವಸ್ತುವು ಉದಾತ್ತವಾದುದು, ನಿರ್ವಹಣೆ ಮಾತ್ರ ಖಂಡನೀಯವಾದುದು. ಆಕೆ ಠಾಣೆಯನ್ನು ನಂಬಳು, ನ್ಯಾಯಾಲಯವನ್ನು ಲೆಕ್ಕಿಸಳು. ಮಗುವನ್ನೆತ್ತಿಕೊಂಡು ಊರಿಂದೂರಿಗೆ ಓಡುವಳು. ಕಡೆಗೆ ಪಿಸ್ತೂಲಿನಿಂದಲೇ ನ್ಯಾಯ ತೀರಿಸುವಳು. ಮಗುವಾದರೋ ಕಥೆಯುದ್ದಕ್ಕೂ ಬರಿಯ ಗಂಟುಮೂಟೆ. ಕರುಣಕ್ಕೆ ಆಲಂಬನವಾಗಬೇಕಾದ ಶಿಶುವು ನಾಯಿಕೆಯ ವೀರಕ್ಕೆ ಕೇವಲ ಉದ್ದೀಪನವಾಗಿದೆ. ಔಚಿತ್ಯಭಂಗಕ್ಕೆ ಬೇರೆ ಉದಾಹರಣೆ ಬೇಕೆ?

ಕಾನೂನು ನೀರಸ, ಅದು ಕಥೆಗೆ ಒದಗದೆಂಬುದು ಈ ಪಕ್ಷದವರ ಸಮಾಧಾನ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೋ ಕಾಯಿದೆಯನ್ನು ಅವರು ಓದಿ ನೋಡಲಿ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ, ಇಲ್ಲವೆ ಅದು ಬಯಸಿದೆಡೆಯಲ್ಲಿ ಪಡೆಯಬೇಕು. ಪಡೆಯುವ ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿರಕೂಡದು. ರಾತ್ರಿಯಲ್ಲಿ ಮಗುವನ್ನು ಠಾಣೆಯಲ್ಲಿರಿಸಕೂಡದು. ಸಾಕ್ಷ್ಯ ನುಡಿಯುವಾಗ ಅದು ಆರೋಪಿಯನ್ನು ಎದುರಿಸುವಂತಾಗಕೂಡದು. 2015ರ ಬಾಲನ್ಯಾಯ ಕಾಯಿದೆಯಂತೆ, ರಕ್ಷಣೆ ಬೇಕಾದ ಮಗುವನ್ನು ಪ್ರಯಾಣಕಾಲ ಬಿಟ್ಟು 24 ಗಂಟೆಗಳೊಳಗಾಗಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಂಜಿದ ಮಗುವಿನ ಮೌನವನ್ನರಿತು ರಚಿಸಿದ ನಿಯಮಗಳಿವು. ಇವುಗಳನ್ನು ನಡೆಸಲು ಹೆಣಗುವ ಸೇವಕಿಯ ಕಥೆಗಿಂತ ಗುಂಡಿನ ಸದ್ದು ರೋಚಕವೆ?

ಕಾನೂನು ಎಡವುವುದಿಲ್ಲವೆ ಎಂದರೆ, ನಿಶ್ಚಯವಾಗಿ ಎಡವುತ್ತದೆ. ಎಡವಿದಲ್ಲಿ ಅದನ್ನು ಕೈಹಿಡಿದೆತ್ತುವವಳೇ ನಿಜವಾದ ನಾಯಿಕೆ. ಇಂಥ ಅಪರಾಧವನ್ನು ಅರಿತವನು ತಿಳಿಸಲೇಬೇಕೆಂದು ಪೋಕ್ಸೋ ಕಾಯಿದೆ ವಿಧಿಸಿದೆ. ಠಾಣೆಯೆಂದರೆ ದ್ರೋಹಿಗಳ ಬೀಡೆಂದೇ ಓದಿ ಬೆಳೆದವನು ನೆರೆಮನೆಯ ಮಗುವಿನ ಅಳು ಕೇಳಿದಾಗ ಬಾಯಿ ತೆರೆವನೆ? ಬರಿಯ ರಂಜನೆಯೆಂದು ಈ ದೋಷವನ್ನು ಮನ್ನಿಸಲಾಗದು.

ಇನ್ನೊಂದು ದಾರಿಯೂ ಉಂಟೆಂಬುದಕ್ಕೆ 1955ರ ಅಮೆರಿಕದ ಚಿತ್ರ ‘ದಿ ನೈಟ್ ಆಫ್ ದಿ ಹಂಟರ್’ ಸಾಕ್ಷಿ. ಚಾರ್ಲ್ಸ್ ಲಾಟನ್ ಅದರ ನಿರ್ದೇಶಕ. ದಿಕ್ಕಿಲ್ಲದ ಮಕ್ಕಳನ್ನು ಸಲಹುವ ಮುದುಕಿ ರೇಚೆಲ್ ಕೂಪರ್ ಅದರಲ್ಲಿ ಕೊಲೆಗಾರನೆದುರು ಬಂದೂಕು ಹಿಡಿದು ರಾತ್ರಿಯಿಡೀ ಕಾಯುತ್ತಾಳೆ. ಗುಂಡು ತಗುಲಿದ ಅವನು ಕೊಟ್ಟಿಗೆಯಲ್ಲಿ ಅಡಗಿದಾಗ ಕೊಲ್ಲಲು ಹೋಗದೆ, ಪೊಲೀಸರಿಗೆ ದೂರವಾಣಿ ಮಾಡುತ್ತಾಳೆ. ಮುಂದೆ ನ್ಯಾಯಾಲಯದಲ್ಲಿ ಬಾಲಕ ಜಾನ್ ಆ ಆರೋಪಿಯತ್ತ ಕಣ್ಣೆತ್ತಿ ನೋಡಲಾರನು. ಭಯಾನಕವು ಅಲ್ಲಿ ಪೂರ್ಣವಾಗಿದೆ. ಆದರೂ ಚಿತ್ರವು ಮಗುವನ್ನು ಮರೆತಿಲ್ಲ. ಮಗುವಿನ ಹೆಸರಿನಲ್ಲಿ ಕಥೆ ಕಟ್ಟುವವರು ಮೊದಲು ಆ ಮಗುವಿನ ಮುಖವನ್ನು ನೋಡಲಿ.