ಗ್ರಿಡ್ ಗಣನೆಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳ ತರಬೇತಿ: ಹೋಬಳಿಯ ಹೊಲಕ್ಕೆ ಅದರಿಂದೇನು?

2025ರ ಮೇ ತಿಂಗಳಲ್ಲಿ ಕೇಂದ್ರ ಭೂವಿಜ್ಞಾನ ಸಚಿವಾಲಯವು ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ ಎಂಬ ಹವಾಮಾನ ಮುನ್ಸೂಚನಾ ವ್ಯವಸ್ಥೆಯನ್ನು ಬಳಕೆಗೆ ತಂದಿತು. ಅದುವರೆಗೆ 12 ಕಿ.ಮೀ. ಚೌಕಕ್ಕೆ ಒಂದರಂತೆ ದೊರೆಯುತ್ತಿದ್ದ ಮುನ್ಸೂಚನೆಯು ಈಗ 6 ಕಿ.ಮೀ. ಚೌಕಕ್ಕೆ ಇಳಿದಿದೆ. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿ.ಮೀ.; ಹೋಬಳಿಗಳು ಸುಮಾರು 750. ಅಂದರೆ ಸರಾಸರಿ ಒಂದು ಹೋಬಳಿಗೆ ಇಂತಹ ಏಳು ಚೌಕಗಳು ಬೀಳುತ್ತವೆ. ಆದರೆ ಬಿತ್ತನೆಯ ಕಾಲ, ತಳಿ, ಸಾಲಿನ ಅಂತರ ಕುರಿತ ನಮ್ಮ ಶಿಫಾರಸುಗಳು ಇಂದಿಗೂ ಬಹುಪಾಲು ರಾಜ್ಯದ 10 ಕೃಷಿ ಹವಾಮಾನ ವಲಯಗಳನ್ನೇ ಆಧರಿಸಿವೆ. ಒಂದು ವಲಯದೊಳಗೆ ಸರಾಸರಿ ಐನೂರಕ್ಕೂ ಹೆಚ್ಚು ಚೌಕಗಳಿವೆ. ಮಳೆಯ ಮಾಹಿತಿ ಹಳ್ಳಿಯ ಹತ್ತಿರಕ್ಕೆ ಬಂದಿದೆ, ಬೇಸಾಯದ ಸಲಹೆ ಇನ್ನೂ ವಲಯದ ಗಡಿಯಲ್ಲಿಯೇ ನಿಂತಿದೆ.

ಈ ಅಂತರವನ್ನು ತುಂಬಲು ಬೇಕಾದ ವಿಧಾನವಿಲ್ಲವೆಂದಲ್ಲ. ಮಣ್ಣು, ಹವೆ, ತಳಿ, ನಿರ್ವಹಣೆ ಈ ನಾಲ್ಕನ್ನೂ ಕೂಡಿಸಿ ಇಳುವರಿಯನ್ನು ಅಂದಾಜಿಸುವ ಡಿಎಸ್‌ಎಸ್‌ಎಟಿ, ಎಪಿಎಸ್‌ಐಎಂ ಮೊದಲಾದ ಬೆಳೆ ಮಾದರಿಗಳು ದಶಕಗಳಿಂದ ಬಳಕೆಯಲ್ಲಿವೆ. ತೊಡಕು ಲೆಕ್ಕದ ಗಾತ್ರದಲ್ಲಿದೆ. ಮಳೆಯಾಶ್ರಿತ ಶೇಂಗಾ ಬೆಳೆಯುವ ಒಂದು ತಾಲ್ಲೂಕನ್ನು ತೆಗೆದುಕೊಳ್ಳೋಣ. 30 ವರ್ಷಗಳ ಹವಾಮಾನ, 10 ಬಿತ್ತನೆ ದಿನಾಂಕ, 4 ತಳಿ, 5 ಬಗೆಯ ಗಿಡಗಳ ಸಾಂದ್ರತೆ, 25 ಮಣ್ಣಿನ ಮಾದರಿ. ಇವುಗಳನ್ನು ಗುಣಿಸಿದರೆ 1,50,000 ಲೆಕ್ಕಗಳಾಗುತ್ತವೆ. ಲೆಕ್ಕವೊಂದಕ್ಕೆ ಎರಡು ಸೆಕೆಂಡು ಹಿಡಿದರೂ ಒಂದು ಗಣಕಯಂತ್ರಕ್ಕೆ ಮೂರೂವರೆ ದಿನ ಬೇಕು. ಐವತ್ತು ತಾಲ್ಲೂಕುಗಳಿಗಾದರೆ ಸುಮಾರು ಆರು ತಿಂಗಳು! ಅಷ್ಟರಲ್ಲಿ ಶೇಂಗಾ ಕಿತ್ತು, ಬಿಡಿಸಿ, ಮಾರಿ ಮುಗಿದಿರುತ್ತದೆ. ಇದೇ ಲೆಕ್ಕವನ್ನು ನೂರು ಸಂಸ್ಕಾರಕಗಳಿಗೆ ಹಂಚಿದರೆ ಎರಡು ದಿನದೊಳಗೆ ಮುಗಿಯುತ್ತದೆ. ಒಂದು ಲೆಕ್ಕಕ್ಕೂ ಇನ್ನೊಂದಕ್ಕೂ ಅವಲಂಬನೆಯಿಲ್ಲದ ಕಾರಣ ಹಂಚುವುದು ಕಷ್ಟವೂ ಅಲ್ಲ.

ಹೀಗೆ ಹಂಚಿ ಮಾಡುವ ವಿಧಾನಗಳಲ್ಲಿ ಒಂದು ಗ್ರಿಡ್ ಗಣನೆ. ನಮ್ಮ ರೈತರಿಗೆ ಇದರ ತತ್ತ್ವ ಹೊಸದಲ್ಲ. ಇದು ಮುಯ್ಯಾಳು ಪದ್ಧತಿಯೇ. ನಮ್ಮ ನಾಟಿಗೆ ನೆರೆಯವರು ಬರುತ್ತಾರೆ, ಅವರ ಕೊಯ್ಲಿಗೆ ನಾವು ಹೋಗುತ್ತೇವೆ. ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಸಂಸ್ಥೆಗಳ ಒಡೆತನದಲ್ಲಿರುವ ಗಣಕಯಂತ್ರಗಳನ್ನು ಜಾಲದ ಮೂಲಕ ಜೋಡಿಸಿ, ಒಂದು ಕಡೆ ಬಿಡುವಿದ್ದಾಗ ಇನ್ನೊಂದು ಕಡೆಯ ಕೆಲಸ ಮಾಡಿಸುವುದೇ ಗ್ರಿಡ್. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯವು 2008ರಲ್ಲಿ ಭತ್ತದ ಪ್ರೋಟೀನುಗಳ ರಚನೆಯನ್ನು ಲೆಕ್ಕ ಹಾಕಲು ‘ವರ್ಲ್ಡ್ ಕಮ್ಯುನಿಟಿ ಗ್ರಿಡ್’ ಬಳಸಿತು. ಅದರಲ್ಲಿ ದುಡಿದದ್ದು ಲೋಕದಾದ್ಯಂತ ಸಾಮಾನ್ಯ ಜನರ ಮನೆಗಳಲ್ಲಿ ಬಿಡುವಾಗಿ ಕುಳಿತಿದ್ದ ಗಣಕಯಂತ್ರಗಳು.

ನಮ್ಮ ದೇಶವೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಸಿ-ಡ್ಯಾಕ್ ಸಂಸ್ಥೆಯು ‘ಗರುಡ’ ಗ್ರಿಡ್ ಮೂಲಕ 17 ನಗರಗಳ 45 ಸಂಶೋಧನಾ ಹಾಗೂ ಶಿಕ್ಷಣ ಸಂಸ್ಥೆಗಳನ್ನು ಜೋಡಿಸಿತ್ತು. ಕೃಷಿಗೆಂದೇ ರೂಪುಗೊಂಡ ರಾಷ್ಟ್ರೀಯ ಕೃಷಿ ಜೈವಿಕ ಮಾಹಿತಿ ಗ್ರಿಡ್‌ಗೆ ದೆಹಲಿಯ ಭಾರತೀಯ ಕೃಷಿ ಸಂಖ್ಯಾಶಾಸ್ತ್ರ ಸಂಶೋಧನಾ ಸಂಸ್ಥೆಯೇ ಕೇಂದ್ರ. ಅಲ್ಲಿನ ‘ಅಶೋಕ’ ಸೂಪರ್ ಕಂಪ್ಯೂಟರ್ 2014ರಲ್ಲಿ ದೇಶಕ್ಕೆ ಸಮರ್ಪಿತವಾಯಿತು. ಬೆಳೆ, ಜಾನುವಾರು, ಮೀನು, ಸೂಕ್ಷ್ಮಜೀವಿ, ಕೀಟ ಎಂಬ ಐದು ವಿಭಾಗಗಳ ಪೈಕಿ ಕೀಟ ವಿಭಾಗದ ಸಂಸ್ಥೆ ನಮ್ಮ ಬೆಂಗಳೂರಿನಲ್ಲಿಯೇ ಇದೆ. 2015ರಲ್ಲಿ ಆರಂಭವಾದ ರಾಷ್ಟ್ರೀಯ ಸೂಪರ್ ಕಂಪ್ಯೂಟಿಂಗ್ ಮಿಷನ್ ಅಡಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ‘ಪರಮ್ ಪ್ರವೇಗ’ ಬಂದಿದೆ. ಯಂತ್ರಗಳಿವೆ. ಅವುಗಳಿಗೆ ಕೃಷಿಯ ಪ್ರಶ್ನೆಯನ್ನು ಅರ್ಥವಾಗುವಂತೆ ಕೇಳಬಲ್ಲವರು ವಿರಳ.

ಯಂತ್ರಬಲ ಮತ್ತು ಬೆಳೆಯ ಅರಿವು ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಗಿಯೇ ಸಾಕ್ಷಿ. ಬೆಂಗಳೂರಿನ ಜಿಕೆವಿಕೆಯಲ್ಲಿ ಡಾ. ಶೈಲಜಾ ಹಿತ್ತಲಮನಿ ಅವರ ನೇತೃತ್ವದ ತಂಡವು ಬರ ಸಹಿಸುವ ಎಂಎಲ್-365 ತಳಿಯ ಜೀನೋಮ್ ವಿವರವನ್ನು 2017ರಲ್ಲಿ ಪ್ರಕಟಿಸಿತು. ಅದರಲ್ಲಿ ಗುರುತಿಸಿದ ವಂಶವಾಹಿಗಳು 85,243. ಹರಿದ ಕಾಗದದ ಕೋಟ್ಯಂತರ ಚೂರುಗಳನ್ನು ಹೊಂದಿಸಿ ಪುಸ್ತಕ ಕಟ್ಟಿದಂತಹ ಈ ಕೆಲಸವು ಮೇಜಿನ ಮೇಲಿನ ಒಂದು ಗಣಕಯಂತ್ರದಿಂದ ಆಗುವಂಥದ್ದಲ್ಲ.

ಆದರೆ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಸಿಗುವ ತರಬೇತಿ ಯಾವ ಬಗೆಯದು? ಮೂರು ದಿನದ ಕಾರ್ಯಾಗಾರ, ಮೊದಲ ದಿನ ಉದ್ಘಾಟನೆ, ಕೊನೆಯ ದಿನ ಪ್ರಮಾಣಪತ್ರ. ನಡುವಿನ ಒಂದು ದಿನದಲ್ಲಿ ಬೇರೆಯವರ ದತ್ತಾಂಶದ ಮೇಲೆ ಬೇರೆಯವರು ಬರೆದ ಆದೇಶಗಳನ್ನು ನಕಲು ಮಾಡುವ ಅಭ್ಯಾಸ ನಡೆಯುತ್ತದೆ. ಊರಿಗೆ ಮರಳಿದ ವಾರದಲ್ಲಿ ಕಲಿತದ್ದು ಮರೆತುಹೋಗುತ್ತದೆ. ಈಜನ್ನು ಕೆರೆಯ ಏರಿಯ ಮೇಲೆ ಕಲಿಸಿದಂತೆ. ವಿದ್ಯಾರ್ಥಿಯು ತನ್ನದೇ ಪ್ರಬಂಧದ ಪ್ರಶ್ನೆಯನ್ನು ಹೊತ್ತು ಬರಬೇಕು. ಲಿನಕ್ಸ್ ಪರದೆಯಲ್ಲಿ ಆದೇಶ ಬರೆಯುವುದು, ಕೆಲಸವನ್ನು ತುಂಡು ಮಾಡಿ ಸರದಿಗೆ ಹಚ್ಚುವುದು, ನಡುವೆ ನಿಂತುಹೋದ ಲೆಕ್ಕವನ್ನು ಪತ್ತೆ ಹಚ್ಚಿ ಮತ್ತೆ ಓಡಿಸುವುದು ಇವನ್ನೆಲ್ಲ ಒಂದು ಪೂರ್ಣ ಷಣ್ಮಾಸಿಕದಲ್ಲಿ ತಾನೇ ಮಾಡಿ ಕಲಿಯಬೇಕು. ನಿಂತುಹೋದ ಲೆಕ್ಕವೇ ಇಲ್ಲಿ ದೊಡ್ಡ ಗುರು.

ಎಲ್ಲರಿಗೂ ಇದು ಬೇಕೆಂಬ ಹಟವೂ ಸಲ್ಲದು. ಮೂರು ಪುನರಾವರ್ತನೆಗಳ ಕ್ಷೇತ್ರ ಪ್ರಯೋಗದ ವಿಶ್ಲೇಷಣೆಗೆ ಸಾಧಾರಣ ಲ್ಯಾಪ್‌ಟಾಪ್ ಧಾರಾಳ ಸಾಕು. ಅದಕ್ಕೆ ಸೂಪರ್ ಕಂಪ್ಯೂಟರ್ ಕೇಳುವುದು ಕುಂಟೆ ಹೊಡೆಯಲು ಕೊಯ್ಲು ಯಂತ್ರ ತಂದಂತೆ. ತಳಿ ಅಭಿವೃದ್ಧಿ, ಬೆಳೆ ಮಾದರಿ, ಉಪಗ್ರಹ ಚಿತ್ರಗಳ ವಿಶ್ಲೇಷಣೆ ಕೈಗೊಂಡವರಿಗೆ ಮಾತ್ರ ಇದು ಅನಿವಾರ್ಯ. ಇಲ್ಲಿ ಮಾರ್ಗದರ್ಶಕರ ಪಾತ್ರವೂ ಇದೆ. ನನ್ನ ತಲೆಮಾರಿನ ಬೇಸಾಯಶಾಸ್ತ್ರಜ್ಞರಲ್ಲಿ ಹಲವರಿಗೆ ಈ ವಿದ್ಯೆ ದೊರೆಯಲಿಲ್ಲ. ಮಾರ್ಗದರ್ಶಕರಿಗೆ ತಿಳಿಯದ ವಿಧಾನವನ್ನು ಪ್ರಬಂಧದಲ್ಲಿ ಬಳಸಲು ವಿದ್ಯಾರ್ಥಿ ಹಿಂಜರಿಯುವುದು ಸಹಜ. ಆದ್ದರಿಂದ ಗಣಕವಿಜ್ಞಾನದ ಸಹ ಮಾರ್ಗದರ್ಶಕರನ್ನು ಸಲಹಾ ಸಮಿತಿಗೆ ಸೇರಿಸಿಕೊಳ್ಳುವುದು ಯಂತ್ರ ಖರೀದಿಗಿಂತ ಮೊದಲು ಆಗಬೇಕಾದ ಕೆಲಸ.

ಇನ್ನು ರೈತ ಬಾಂಧವರು ಹಾಗೂ ವಿಸ್ತರಣಾ ಕಾರ್ಯಕರ್ತರ ಪಾಲು. ಒಂದೂವರೆ ಲಕ್ಷ ಲೆಕ್ಕಗಳಿಗೂ ಬುನಾದಿ ಹೊಲದಿಂದ ಬರುವ ಕೆಲವೇ ಅಂಕಿಗಳು. ಅವು ತಪ್ಪಿದ್ದರೆ ಗ್ರಿಡ್ ಅದೇ ತಪ್ಪನ್ನು ಲಕ್ಷ ಸಲ, ಅತಿ ವೇಗವಾಗಿ ಮಾಡಿ ಕೊಡುತ್ತದೆ; ಜೊಳ್ಳನ್ನು ಎಷ್ಟು ಸಲ ತೂರಿದರೂ ಕಾಳು ಸಿಗದು. ಮಳೆಯ ವಿಷಯದಲ್ಲಿ ನಾವು ಅದೃಷ್ಟವಂತರು: ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ದೂರಮಾಪನ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಕೊರತೆಯಿರುವುದು ನಿಜವಾದ ಬಿತ್ತನೆ ದಿನಾಂಕ, ತಳಿಯ ಹೆಸರು, ಮಣ್ಣಿನ ಆಳ ಹಾಗೂ ತೂಗಿ ನೋಡಿದ ಇಳುವರಿಯ ದಾಖಲೆಗೆ. ಬಿತ್ತಿದ ದಿನಾಂಕದ ಬದಲು ‘ಜೂನ್ ಎರಡನೇ ವಾರ’ ಎಂದು ಬರೆದರೆ ಮಾದರಿಗೆ ಉಪಯೋಗವಿಲ್ಲ. ಬೆಳೆ ಕಟಾವು ಪ್ರಯೋಗದಲ್ಲಿ ತೊಡಗಿರುವ ಕಾರ್ಯಕರ್ತರು ಇಳುವರಿಯ ಜೊತೆಗೆ ಈ ಮೂರನ್ನೂ ಅದೇ ಹಾಳೆಯಲ್ಲಿ, ಸರ್ವೆ ನಂಬರಿನೊಡನೆ ಗುರುತಿಸಿಕೊಳ್ಳಬೇಕಾಗಿ ಕೋರಿಕೆ. ಮಣ್ಣು ಪರೀಕ್ಷಾ ಚೀಟಿ ಇರುವ ರೈತರು ಮುಂಗಾರು ಬಿತ್ತನೆಯ ದಿನವನ್ನು ಅದರ ಹಿಂಬದಿಯಲ್ಲಿಯೇ ಬರೆದಿಟ್ಟರೆ, ಮಾಹಿತಿ ಕೇಳಿ ಬರುವ ವಿದ್ಯಾರ್ಥಿಗೆ ಅಷ್ಟೇ ಸಾಕು.