ಪ್ರತಿಭೆ ಯಾರಪ್ಪನ ಆಸ್ತಿ?



ಬಿ.ಜಿ. ಕೆರೆಯ ಕಡೆ ಸಂಜೆ ಹೊತ್ತು ಕಬಡ್ಡಿ ಆಡೋ ಹುಡುಗರನ್ನು ನಿಂತು ನೋಡಿ. ಹಗಲೆಲ್ಲ ಶೇಂಗಾ ಹೊಲದಲ್ಲಿ ದುಡಿದ ಮೈ. ಆದರೂ ಪಂದ್ಯ ಇರಲಿ ಬಿಡಲಿ, ಅಂಕಣಕ್ಕೆ ಇಳೀತಾರೆ. ಮಂಡಿ ತರಚಿಕೊಂಡು ಕಲೀತಾರೆ. 'ಸ್ಫೂರ್ತಿ ಬಂದಾಗ ಆಡ್ತೀನಿ' ಅಂತ ಒಬ್ಬನೂ ಅನ್ನೋದಿಲ್ಲ. ಹಾಗನ್ನೋರು ಬರಹಗಾರರು ಮಾತ್ರ.

ಈ ಸ್ಫೂರ್ತಿ, ಪ್ರತಿಭೆ, ಸರಸ್ವತಿಯ ವರ ಅನ್ನೋ ಮಾತುಗಳು ಎಲ್ಲಿಂದ ಬಂದವು? ಅಕ್ಷರವನ್ನು ತಮ್ಮ ಮನೆಯೊಳಗೇ ಕೂಡಿಹಾಕಿಕೊಂಡವರ ಬಾಯಿಂದ. ತಲೆಮಾರುಗಳ ಅಭ್ಯಾಸಕ್ಕೆ ಅವರಿಟ್ಟ ಹೆಸರು ಪ್ರತಿಭೆ. ಹುಟ್ಟಿನಿಂದಲೇ ಬರುತ್ತೆ ಅನ್ನೋದು ಜಾತಿಯ ಭಾಷೆ. ಇದು ನಿಜವೋ ಸುಳ್ಳೋ, ಆಟದ ಮೈದಾನವನ್ನೇ ಕೇಳೋಣ.

ಪಲ್ವಂಕರ್ ಬಾಲೂ ಧಾರವಾಡದಲ್ಲಿ ಹುಟ್ಟಿದ ಚಮ್ಮಾರರ ಹುಡುಗ. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ತಿಂಗಳಿಗೆ 4 ರೂಪಾಯಿಗೆ ಪಿಚ್ ಹದ ಮಾಡೋ, ನೆಟ್ ಕಟ್ಟೋ ಕೆಲಸ. ಸಾಹೇಬರ ಅಭ್ಯಾಸಕ್ಕೆ ಚೆಂಡು ಎಸೀತಿದ್ದ. ಬ್ಯಾಟು ಮಾತ್ರ ಅವನ ಕೈಗೆ ಕೊಡಲಿಲ್ಲ. ದಿನಾ ಎಸೆದೂ ಎಸೆದೂ ಆ ಚಾಕರಿಯನ್ನೇ ವಿದ್ಯೆ ಮಾಡಿಕೊಂಡ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ಕಿತ್ತ. ಇದೇ ಮನುಷ್ಯನಿಗೆ ಪುಣೆಯ ಹಿಂದೂ ತಂಡದವರು ಚಹಾ ಕೊಟ್ಟದ್ದು ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ನಾಯಕತ್ವ ಅವನಿಗೆ ದಕ್ಕಲಿಲ್ಲ. 1923ರಲ್ಲಿ ತಮ್ಮ ವಿಠಲನಿಗೆ ಸಿಕ್ಕಿತು. 1937ರ ಚುನಾವಣೆಯಲ್ಲಿ ಬಾಲೂ ಬಾಬಾಸಾಹೇಬರ ಎದುರೇ ನಿಂತು ಸೋತ. ಆ ತಕರಾರು ಬೇರೆ, ಬೆವರಿನ ಪಾಠ ಬೇರೆ.

'ಅಭ್ಯಾಸ ಇದ್ದರೆ ಸಾಕು, ಜಾತಿ ಅಡ್ಡ ಬರಲ್ಲ' ಅನ್ನೋರಿಗೆ ಆ ಮಣ್ಣಿನ ಕುಡಿಕೆ ತೋರಿಸಿ. ಅಭ್ಯಾಸ ಜಾತಿಯನ್ನು ಕೊಲ್ಲಲಿಲ್ಲ. ಆದರೆ ಇವರಿಗೆ ಯೋಗ್ಯತೆ ಇಲ್ಲ ಅನ್ನೋ ಸುಳ್ಳನ್ನು ಕೊಂದಿತು.

ಇನ್ನು ನಮ್ಮೋರಿಗೂ ಒಂದು ಮಾತು. ನೋವಿದೆ, ಸಿಟ್ಟಿದೆ, ಅಷ್ಟೇ ಸಾಕು ಅಂದ್ಕೊಂಡಿದ್ದೇವೆ. ಸಭೆಯ ಹಿಂದಿನ ರಾತ್ರಿ ಪದ್ಯ ಗೀಚಿ ಬೆಳಿಗ್ಗೆ ಕೂಗ್ತೀವಿ. ಸಿಟ್ಟು ಓಟಕ್ಕೆ ಎಬ್ಬಿಸುತ್ತೆ. ಗುರಿ ಮುಟ್ಟಿಸೋದು ಕಾಲಿನ ಕಸುವು. ದಿನಾ ಒಂದು ಪುಟ ಬರೀರಿ. ಹೊಡೆದುಹಾಕಿ. ಮತ್ತೆ ಬರೀರಿ. ಕೇರಿಯ ಮಾತಿಗೆ ಕಿವಿ ಕೊಡಿ.

ಮೇಷ್ಟ್ರೇ, ಕೇರಿಯ ಮಕ್ಕಳ ಕೈಗೆ ಪೊರಕೆ ಕೊಡಬೇಡಿ. ಒಂದು ನೋಟ್‌ಬುಕ್ಕು ಕೊಡಿ, ದಿನಕ್ಕೆ ಅರ್ಧ ಗಂಟೆ ಕೊಡಿ. ಚಳ್ಳಕೆರೆ, ಮೊಳಕಾಲ್ಮೂರಿನ ರೈತನಿಗೆ ಮಳೆ ಯಾವಾಗ ಬರುತ್ತೋ ಗೊತ್ತಿಲ್ಲ. ಆದರೂ ಹೊಲ ಹದ ಮಾಡಿ ಇಟ್ಟಿರ್ತಾನೆ.

ನಮ್ಮ ಹೊಲ ಹದವಾಗಿದೆಯಾ?